ಸಿರಿಲ್ ಮಸೆಟ್‌ನ ದೋಣಿ

ಹೊಟ್ಟೆಯಡಿ ಹಲಗೆ, ಹಲಗೆಯಡಿ ಗೇಣು ನೀರು,
ನೀರಿನಡಿ ತಳವಿಲ್ಲದ ಕೆಸರು.
ಜನವರಿ. ಇಳಿತ ಶುರುವಾಗಿ ಗಂಟೆಯಾಯಿತು.
ಬ್ಲ್ಯಾಕ್‌ವಾಟರ್ ಅಳಿವೆಯಲ್ಲಿ ಬೆಳಕಿನ್ನೂ
ಯಾವ ಬಣ್ಣವಾಗಲೆಂದು ಯೋಚಿಸುತ್ತಿದೆ.

ನನ್ನ ಹಿಂದೆ, ನನ್ನಂತೆಯೇ ಬೋರಲಾಗಿ,
ಎಂಬತ್ತನಾಲ್ಕರ ಸಿರಿಲ್
ಅಂಗೈಯಗಲದ ಎರಡು ಹುಟ್ಟು ಹಿಡಿದು
ದೋಣಿ ನೂಕುತ್ತಾನೆ, ಸದ್ದಿಲ್ಲದೆ,
ನಿದ್ದೆಹೋದ ಮಗುವಿನ ಕೆಳಗಿಂದ ಹೊದಿಕೆ ಎಳೆದ ಹಾಗೆ.

ದೋಣಿಯ ಮೂತಿಯಲ್ಲೊಂದು ಕಚ್ಚು.
ಅಲ್ಲಿ ಅವನಪ್ಪನ ಬಂದೂಕು ಕೂರುತ್ತಿತ್ತು:
ಒಂಬತ್ತಡಿ ನಳಿಕೆ, ಏಟಿಗೆ ಅರ್ಧ ಸೇರು ಸೀಸ.
ಈಗ ನನ್ನ ಲೆನ್ಸು ಕೂತಿದೆ, ಅವನ ಉಣ್ಣೆಯ ಕಾಲುಚೀಲ ತೊಟ್ಟು.
"ಎರಡಕ್ಕೂ ಹೊಡೆಯೋದು ಅಂತಲೇ ಅಂತೀವಲ್ಲ" ಅಂದಿದ್ದೆ ಒಮ್ಮೆ.
"ಅಪ್ಪ ಹೊಡೆದದ್ದನ್ನ ತಿಂದ್ವಿ.
ನೀನು ಹೊಡೆದದ್ದನ್ನ ಏನು ಮಾಡ್ತಾರೆ?"
ಕ್ಯಾಲೆಂಡರ್ ಎನ್ನಲು ನಾಚಿಕೆಯಾಯಿತು.

ಹದಿಮೂರರಲ್ಲಿ ಅವನೂ ಹೊಡೆದಿದ್ದ, ಒಂದೇ ಸಲ.
ಒಂದು ಏಟು, ಹತ್ತೊಂಬತ್ತು ಹೆಬ್ಬಾತು.
ಹದಿನೆಂಟನ್ನು ಹೆಕ್ಕಿದರಂತೆ.
ಇನ್ನೊಂದು, ಮುರಿದ ರೆಕ್ಕೆ ಎಳೆದುಕೊಂಡು
ಕೆಸರ ಮೇಲೆ ನಡೆದು ಹೋಯಿತಂತೆ,
ನಾಯಿಯೂ ಇಳಿಯಲಾರದ ಕಡೆಗೆ,
ಅವಸರವಿಲ್ಲದೆ.
ಮರುವರ್ಷ ಕಾನೂನು ಬಂತು.
ಅದಕ್ಕಾಗಿ ಬಿಟ್ಟದ್ದಲ್ಲ ಎನ್ನುತ್ತಾನೆ.
ಯಾತಕ್ಕೆಂದು ಹೇಳಿಲ್ಲ. ನಾನು ಕೇಳಿಲ್ಲ.

"ಹಕ್ಕಿ ನೋಡಬೇಡ ಹುಡುಗಿ, ಹಕ್ಕಿ ಮುಂದಿನ ನೀರು ನೋಡು."
(ನನಗೆ ಐವತ್ತೆರಡು.)
ನೋಡಿದೆ. ಸವುಳು ಹುಲ್ಲಿನ ಬುಡದಲ್ಲಿ
ನೀರು ಮೊದಲು ಸುಕ್ಕಾಯಿತು, ಆಮೇಲೆ ಸದ್ದಾಯಿತು:
ಸೈಬೀರಿಯಾದಿಂದ ಹಾರಿ ಬಂದ ಸಾವಿರ ಗಂಟಲುಗಳ ಗೊಣಗು,
ಅಂಗಡಿ ಬಿಚ್ಚುವ ಮುಂಚಿನ ಸಂತೆ.
ಕಪ್ಪು ಕತ್ತು, ಕತ್ತಿಗೊಂದು ಬಿಳಿ ಗೀರು,
ಯಾರೋ ಸೀಮೆಸುಣ್ಣದಲ್ಲಿ ಎಣಿಸಿಟ್ಟ ಹಾಗೆ.

ಅಷ್ಟರಲ್ಲಿ ಒಂದು ಕೆಂಗಾಲಿನ ಹಕ್ಕಿ,
ಈ ಜೌಗಿಗೆಲ್ಲ ತಾನೇ ತಳವಾರನೆಂಬಂತೆ,
ಚೀರಿ ನಮ್ಮ ಗುಟ್ಟು ಬಯಲುಮಾಡಿತು.
ಎದ್ದವು.
ನೆಲವೇ ಎದ್ದಂತೆ ಎಂದರೆ ಸುಳ್ಳಾದೀತು.
ನೆಲ ಅಲ್ಲೇ ಇತ್ತು, ಒದ್ದೆಯಾಗಿ, ಹೊಳೆಯುತ್ತ,
ಬಿಟ್ಟುಹೋದ ಹೆಜ್ಜೆಗಳನ್ನು ಮೆಲ್ಲಗೆ ನುಂಗುತ್ತ.
ನನ್ನ ಬೆರಳು ನಿಲ್ಲಲಿಲ್ಲ. ಇನ್ನೂರ ಹನ್ನೊಂದು ಚಿತ್ರ.
"ಎಷ್ಟು ಬಿದ್ದವು?" ಎಂದ ಸಿರಿಲ್, ಹಳೆಯ ಬಾಯಿಯ ರೂಢಿಗೆ.
ಆಮೇಲೆ ತಾನೇ ನಕ್ಕ. ನಗು ಕೆಮ್ಮಾಗಿ ದೋಣಿ ಅಲುಗಿತು.

ಅವನ ಬಲಗಣ್ಣಿಗೆ ಪೊರೆ.
ಎಡಗಣ್ಣಿನ ನಟ್ಟನಡುವೆ ಬೂದು ಚುಕ್ಕೆ,
ಯಾರನ್ನು ನೋಡಿದರೂ ಸರಿಯಾಗಿ ಮುಖವಿರುವಲ್ಲೇ.
ಮರಳುವ ಮುಂಚೆ, "ಒಂದು ತೆಗೆ" ಎಂದ.
ಏನನ್ನು?
ಏನೂ ಇಲ್ಲದ ಕಡೆಗೆ ಹುಟ್ಟು ತೋರಿಸಿದ.
ಕೆಸರಲ್ಲಿ ಡೊಂಕುಡೊಂಕಾಗಿ ಒಂದು ತೊರೆ,
ಎರಡು ಗೂಟ, ಕೊಳೆತ ದೋಣಿಯೊಂದರ ಪಕ್ಕೆಲುಬು.
ಬೆಳಕು ಸಪ್ಪೆ. ಇಂಥವನ್ನು ಅಳಿಸುವವಳು ನಾನು.
ತೆಗೆದೆ.

ಹೆಬ್ಬಾತುಗಳು ಲೈಬ್ರರಿಯ ಮೊಗಸಾಲೆಯಲ್ಲಿ ತೂಗುಬಿದ್ದವು,
ಬೆಲೆಚೀಟಿ ಸಮೇತ.
ತೊರೆ ಅವನ ಅಡುಗೆಮನೆಗೆ ಹೋಯಿತು.

ಫೆಬ್ರವರಿಯಲ್ಲಿ ಹೋದಾಗ
ಚಿತ್ರ ಗೋಡೆಯಿಂದಿಳಿದು ಮೇಜಿನ ಮೇಲಿತ್ತು.
ಭೂತಗನ್ನಡಿ ಹಿಡಿದು, ಕೋಳಿಯಂತೆ ಓರೆಗಣ್ಣಲ್ಲಿ,
ಬಡಗಿಯ ಸೀಸದಕಡ್ಡಿಯಿಂದ ಬರೆಯುತ್ತಿದ್ದ
ನನ್ನ ಚಿತ್ರದ ಮೇಲೇ:
ಇಲ್ಲಿ ಗಟ್ಟಿ. ಇಲ್ಲಿ ಸೊಂಟದವರೆಗೆ.
ಈ ತಿರುವು ಅಪ್ಪನ ಕಾಲಕ್ಕಿರಲಿಲ್ಲ.
ಇದನ್ನು ನಂಬಬೇಡ, ಹುಲ್ಲಿದ್ದರೂ.

ಬಲತುದಿಯಲ್ಲಿ, ಕೆಸರು ಆಕಾಶಕ್ಕಂಟುವ ಕಡೆ,
ಒಂದು ಪುಟ್ಟ ಗೀಟು.
ಅದರ ಪಕ್ಕ ಏನೂ ಬರೆದಿರಲಿಲ್ಲ.

ಕೆಟಲ್ ಕೂಗಿತು. ಅವನು ಏಳಲಿಲ್ಲ.
"ನಾಳೆ ಇಳಿತ ಆರೂ ನಲವತ್ತಕ್ಕೆ" ಎಂದ.
"ಕಾಲುಚೀಲ ಒಗೆದಿಟ್ಟಿದ್ದೀನಿ."